ಲಂಡನ್ನಿನಲ್ಲಿ ತೊಳೆದ ಕಪ್ಪು-ಬಸಿ

ಹೋಟೆಲಿನ ರೀತಿ-ರಿವಾಜು ಯಮನಪ್ಪನಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಆದರೂ ಅರವತ್ತೊಂದನೇ ಇಸವಿಯಲ್ಲಿ ಸರಕಾರ ಈ ಹುಬ್ಬಳ್ಳಿ ಸಾಲಿಯ ಮಾಸ್ತರನನ್ನು ತರಬೇತಿಗೆಂದು ವಿಲಾಯತಿಗೆ ಕಳಿಸಿದಾಗ, ಅವನ ಊರು ಅಮ್ಮಿನಬಾವಿಯ ಚಹಾದಂಗಡಿಯ ಗುರುಶಿದ್ದಪ್ಪ ಉಪದೇಶಕ್ಕೆ ನಿಂತ.

'ಲೇ ಯಮನಪ್ಪಾ, ಹೋದ ಊರಿನ ರಿವಾಜು ತಿಳಕೊಂಡು ಉಣಬೇಕು, ನೆನಪಿಟಗೋ.'

ಆಹಾ, ಯಾರ ಬಾಯಲ್ಲಿ ಎಂಥ ಮಾತು! ಈ ಪುಣ್ಯಾತ್ಮನ ಅಂಗಡಿಯ ಹೊರಗೋಡೆಯ ಗೂಡಿನಲ್ಲೇ ಯಮನಪ್ಪನ ಕೇರಿಯವರಿಗೆಂದು ಬೇರೆ ಗ್ಲಾಸುಗಳಿದ್ದವು. ಹೊರಗೆ ಕುಕ್ಕರಗಾಲಿನಲ್ಲಿ ಕೂತು ಕುಡಿಯಬೇಕು, ತಾವೇ ತೊಳೆದು ಗೂಡಿಗೆ ಇಡಬೇಕು. ಅಸ್ಪೃಶ್ಯತೆ ಅಪರಾಧವೆಂಬ ಕಾಯಿದೆ ದಿಲ್ಲಿಯಿಂದ ಹೊರಟು ಆರು ವರ್ಷವಾಗಿತ್ತು. ದಾರಿಯಲ್ಲೆಲ್ಲೋ ಚಹಾ ಕುಡಿಯುತ್ತ ಕೂತಿರಬೇಕು.

ವರ್ಷ ಕಳೆದು, ಕೋಟು ಹಾಕಿಕೊಂಡು ಬಂದ ಯಮನಪ್ಪನನ್ನು ಗುರುಶಿದ್ದಪ್ಪ ಕೈಹಿಡಿದು ಒಳಗೆ ಕರೆದೊಯ್ದ. ಖುರ್ಚಿ ಕೊಟ್ಟ. ಪಿಂಗಾಣಿ ಕಪ್ಪು-ಬಸಿಯಲ್ಲಿ ಚಹಾ ಇಟ್ಟ. ಕೋಟಿಗೆ ಜಾತಿಯಿಲ್ಲ ನೋಡಿ! ಜೊತೆಗೆ ಬಂದ ಅಪ್ಪ ಸೋಮಪ್ಪ ಮಾತ್ರ ಗೂಡಿನ ಗ್ಲಾಸು ಹಿಡಿದು ಹೊರಗೇ ಕುಕ್ಕರಿಸಿದ್ದ. ಅದನ್ನು ಕಂಡು ಯಮನಪ್ಪ ಬಾಗಿಲ ಕಡೆ ತಿರುಗಿ ಕರೆದ.

'ಅಪ್ಪಾ, ಒಳಗ ಬಾ.'

'ಇಲ್ಲೇ ಛಲೋ ಐತಿ ತಗೋಪಾ' ಎಂದ ಸೋಮಪ್ಪ.

'ಅವಗ ರೂಢಿ ಆಗೇತ್ರಿ, ನೀವು ಕುಂದರ್ರಿ' ಎಂದ ಗುರುಶಿದ್ದಪ್ಪ. 'ಅಲ್ಲೆ ವಿಲಾಯತ್ಯಾಗ ಹೋಟೆಲಿನ ರಿವಾಜು ಹ್ಯಾಂಗ, ಹೇಳ್ರಲ್ಲ.' ಅಂಗಡಿಯಲ್ಲಿದ್ದವರೆಲ್ಲ ಕಿವಿ ನಿಮಿರಿಸಿದರು.

ಯಮನಪ್ಪ ಕಪ್ಪು-ಬಸಿ ಮುಟ್ಟಲಿಲ್ಲ. ಅಪ್ಪನಿಗೂ ಕೇಳಿಸುವಂತೆ ಗಟ್ಟಿಯಾಗಿ ಹೇಳಿದ: 'ಮೊದಲನೇ ದಿನ ಲಂಡನ್ನಿನ ಹೋಟೆಲಿನ್ಯಾಗ ಚಾ ಕುಡದೆ. ಕುಡದಾವನ ಎದ್ದು, ಕಪ್ಪು-ಬಸಿ ತಗೊಂಡು, ಅಡಗಿಮನಿ ಹೊಕ್ಕು ತೊಳದಬಿಟ್ಟೆ. ನಮ್ಮೂರ ರಿವಾಜು ಕೈಯಾಗ ಕುಂತಿತ್ತು ನೋಡ್ರಿ. ಚಾ ಕೊಟ್ಟ ಹೆಣ್ಣಮಗಳು ಓಡಿ ಬಂದ್ಲು. "ಯಾಕ್ರಿ, ನಾವು ತೊಳದದ್ದು ಸ್ವಚ್ಛ ಇರಲಿಲ್ಲೇನು?" ಅಂತ ಕಣ್ಣಾಗ ನೀರು ತಂದು ಕೇಳಿದ್ಲು. ಊರ ಮಾನ ಹೋದೀತಂತ ಬಾಯಿ ಮುಚಗೊಂಡು ನಿಂತೆ. ಈಗ ನೀವ ಹೇಳ್ರಿ ಗುರುಶಿದ್ದಪ್ಪನವರ, ಆಕಿಗೆ ಏನಂತ ಹೇಳಬೇಕಿತ್ತು?'

ಊರಿಗೆಲ್ಲ ಉಪದೇಶ ಹೇಳುವ ಗುರುಶಿದ್ದಪ್ಪ ಗಲ್ಲಾಪೆಟ್ಟಿಗೆಗೆ ಹೋಗಿ ಚಿಲ್ಲರೆ ಎಣಿಸತೊಡಗಿದ.

ಹೊರಗೆ ಸೋಮಪ್ಪ ಎದ್ದ. ಹುಟ್ಟಿದಾಗಿನಿಂದ ದಾಟದ ಹೊಸ್ತಿಲು ದಾಟಿ ಬಂದು, ತನ್ನ ಎಂಜಲು ಗ್ಲಾಸನ್ನು ಗುರುಶಿದ್ದಪ್ಪನ ಗಲ್ಲಾಪೆಟ್ಟಿಗೆಯ ಮೇಲೆ ಇಟ್ಟ.

'ತೊಳೀರಿ' ಎಂದ. 'ನೀವು ತೊಳದದ್ದು ಸ್ವಚ್ಛ ಇರತೈತೋ ಇಲ್ಲೋ, ನಾನೂ ನೋಡತೇನಿ.'