ಜವರಯ್ಯನ ಹುಲ್ಲು, ಅಂಕಮ್ಮನ ತೆಂಗು

ಮದ್ದೂರಿನಲ್ಲಿ ಹಿಟ್ಟಿನ ಗಿರಣಿ ನಡೆಸುವ ಅಂಕಮ್ಮ ಏನನ್ನು ಮರೆತರೂ ಅವಮಾನವನ್ನು ಮರೆತವಳಲ್ಲ. ಮದುವೆಯಾದ ಹೊಸದರಲ್ಲಿ ಅವಳ ಪಾಯಸವನ್ನು ನೆಂಟರೆದುರು ಸಪ್ಪೆ ಎಂದಿದ್ದ ಅತ್ತೆಗೆ, ಆಕೆ ಕಣ್ಣು ಮುಚ್ಚುವವರೆಗೂ ಸಪ್ಪೆ ಕಾಫಿಯನ್ನೇ ಕೊಟ್ಟಳು. ಇಷ್ಟು ವಯಸ್ಸಾದರೂ ಸಕ್ಕರೆ ಕಾಯಿಲೆ ಬಂದಿಲ್ಲವೆಂದು ಡಾಕ್ಟರು ಸೊಸೆಯನ್ನು ಹೊಗಳಿದಾಗ ಮಾತ್ರ ಅವಳಿಗೆ ಸ್ವಲ್ಪ ಬೇಸರವಾಗಿತ್ತು.

ಅಂಥವಳನ್ನು ಕೆಣಕಿದವನು ಪಕ್ಕದ ಮನೆಯ ಜವರಯ್ಯ. ಬಸ್ಸು ಓಡಿಸಿ ನಿವೃತ್ತನಾದ ಆತ, ಬೆಂಗಳೂರಿನಿಂದ ಚಾಪೆಯಂತೆ ಸುತ್ತಿ ತಂದ ಹುಲ್ಲನ್ನು ಮನೆ ಮುಂದೆ ಹಾಸಿ, ಲಾನು ಎಂದು ಕರೆದು, ಯಾರೂ ತುಳಿಯದಂತೆ ಸುತ್ತ ಹಗ್ಗ ಕಟ್ಟಿದ್ದ. ತಾನೂ ತುಳಿಯುತ್ತಿರಲಿಲ್ಲ. ಜಗುಲಿಯ ಮೇಲೆ ಕುರ್ಚಿ ಹಾಕಿಕೊಂಡು ಅದರ ದರ್ಶನ ಮಾಡುತ್ತಿದ್ದ.

ಕಾಂಪೌಂಡಿನ ಈಚೆಗೆ ಅಂಕಮ್ಮನ ಒಂಟಿ ತೆಂಗಿನಮರ, ಗಂಡ ಬದುಕಿದ್ದಾಗ ನೆಟ್ಟದ್ದು. ಪ್ರತಿ ಶ್ರಾವಣದಲ್ಲೂ ಅದರ ಮೊದಲ ಕಾಯಿ ಮುತ್ತತ್ತಿಯ ಆಂಜನೇಯನಿಗೆ ಹೋಗಬೇಕು. ಅಂಗಡಿಯ ಕಾಯನ್ನು ಆಕೆ ಒಂದು ವರ್ಷವೂ ಒಯ್ದಿಲ್ಲ.

ಒಂದು ದಿನ ಆ ಮರದ ಒಣಸೋಗೆಯೊಂದು ಜವರಯ್ಯನ ಹುಲ್ಲಿನ ಮೇಲೆ ಬಿತ್ತು. ಅದನ್ನು ಎಳೆದುಕೊಂಡೇ ಗಿರಣಿಗೆ ಬಂದ. ಹಿಟ್ಟಿಗೆ ಕಾದಿದ್ದ ಹೆಂಗಸರೆಲ್ಲ ಇದ್ದರು.

"ನಿನ್ ಮರ ಹುಳಿನ ಗೂಡಾಗದೆ ಕಣಮ್ಮ. ಅಲ್ಲಿಂದ್ಲೇ ನನ್ ಲಾನಿಗೆ ಇಳೀತವೆ. ಔಸ್ದಿ ಒಡ್ಸು, ಇಲ್ಲ ಕಡ್ಸಾಕು."

"ವಿಸ ಒಡ್ಸಕಿಲ್ಲ ಕಣಣ್ಣ. ಅದ್ರ ಕಾಯಿ ದೇವ್ರಿಗೆ ಓಯ್ತದೆ."

"ಅಂಗಾರೆ ಹುಳ ಆಯಕ್ಕೂ ಆ ದೇವ್ರುನ್ನೇ ಕರಿ."

ಹೆಂಗಸರು ನಕ್ಕರು. ಗಿರಣಿಯ ಅಷ್ಟು ಸದ್ದಿನಲ್ಲೂ ಆ ನಗೆ ಅಂಕಮ್ಮನ ಕಿವಿಗೆ ಬಿತ್ತು. ಯುದ್ಧ ಘೋಷಣೆಯಾಯಿತು, ಶತ್ರುವಿಗೆ ತಿಳಿಸಲಿಲ್ಲ, ಅಷ್ಟೆ.

ಅಸ್ತ್ರವನ್ನು ಜವರಯ್ಯನೇ ಒದಗಿಸಿದ. ಹುಲ್ಲು ಸೊಂಪಾಗಲೆಂದು ಬಸರಾಳಿನ ಕಡೆಯಿಂದ ಒಂದು ಟ್ರ್ಯಾಕ್ಟರ್ ಕೊಟ್ಟಿಗೆ ಗೊಬ್ಬರ ತರಿಸಿ ಹರಡಿಸಿದ. ಅಂಕಮ್ಮ ಕಾಂಪೌಂಡಿನ ಮೇಲಿಂದ ಇಣುಕಿದಳು. ಗೊಬ್ಬರ ಇನ್ನೂ ಸರಿಯಾಗಿ ಕಳಿತಿರಲಿಲ್ಲ. ಅದರ ತುಂಬ ಹೆಬ್ಬೆರಳು ದಪ್ಪದ ಬಿಳಿ ಗೊಣ್ಣೆಹುಳುಗಳು ಸುರುಳಿ ಸುತ್ತಿಕೊಂಡು ಮಲಗಿದ್ದವು. ಅವು ಬೇರು ತಿನ್ನುತ್ತವೆಂದು ಹೇಳಲು ಅವಳ ಬಾಯಿ ತೆರೆಯಿತು. ಆಮೇಲೆ ಮೆಲ್ಲಗೆ ಮುಚ್ಚಿಕೊಂಡಿತು. ಆ ಮುಚ್ಚಿದ ಬಾಯೇ ಅವಳ ಬ್ರಹ್ಮಾಸ್ತ್ರ.

ಹುಲ್ಲು ಹಳದಿಯಾಯಿತು. ಜವರಯ್ಯ ಬಾಯಾರಿಕೆಯೆಂದು ತಿಳಿದು ನೀರು ಬಿಟ್ಟ. ಆಮೇಲೆ ಅದು ಕಂದಿತು, ಹಿಡಿದೆಳೆದರೆ ಕಂಬಳಿಯಂತೆ ಕೈಗೆ ಬಂತು.

"ನೀರು ಸಾಲ್ದೇನೋ ಜವರಣ್ಣ" ಎಂದು ಅಂಕಮ್ಮ ಕಾಳಜಿ ತೋರಿಸಿದಳು. ಆತ ಇನ್ನಷ್ಟು ಬಿಟ್ಟ. ಆ ಶ್ರಾವಣದಲ್ಲಿ ಮುತ್ತತ್ತಿಯಲ್ಲಿ ಅವಳು ಒಡೆದ ಕಾಯಿ ಎಂದಿಗಿಂತ ಸಿಹಿಯಾಗಿತ್ತು.

ಆದರೆ ಹಗೆಯ ಸಂಭ್ರಮದಲ್ಲಿ ಅವಳೊಂದನ್ನು ಮರೆತಿದ್ದಳು: ಹುಳುವಿಗೆ ಒಂದು ದಿನ ರೆಕ್ಕೆ ಬರುತ್ತದೆ. ಮುಂದಿನ ಬೇಸಿಗೆಯ ಮಳೆ ಬಿದ್ದ ಮೇಲೆ ತೆಂಗಿನ ಹೊಸ ಗರಿಗಳು ಕತ್ತರಿಯಲ್ಲಿ ಕತ್ತರಿಸಿದ ಬೀಸಣಿಗೆಯಂತೆ ಬಿಚ್ಚಿಕೊಂಡವು. ಸುಳಿಯ ಬುಡದಲ್ಲಿ ತೂತು, ತೂತಿನಿಂದ ಹಿಂಡಿದ ನಾರು. ಗೊಬ್ಬರದ ಹುಳುವೇ ಕೊಂಬಿನ ದುಂಬಿಯಾಗಿ ಬಂದು ಹೊಕ್ಕಿತ್ತು. ಸುಳಿ ಸತ್ತರೆ ತೆಂಗು ಸತ್ತಂತೆ.

ಅಂಕಮ್ಮ ಕಾಂಪೌಂಡಿನ ಆಚೆಗೆ ನೋಡಿದರೆ, ಲಾನು ಸತ್ತ ಜವರಯ್ಯ ಕುರ್ಚಿಯಲ್ಲಿ ಹಬ್ಬದೂಟ ಉಂಡವನಂತೆ ಕೂತಿದ್ದ.

"ಏನಣ್ಣ, ಬಲೇ ಖುಸಿಯಾಗಿದ್ದೀಯ?"

"ದಿನಾ ಮುಸ್ಸಂಜೆಗೆ ನನ್ ಗೊಬ್ಬರದಿಂದ ಗುಯ್ ಅಂತ ಎದ್ದು ನಿನ್ ಮರುಕ್ಕೇ ಓಯ್ತವೆ ಕಣಮ್ಮ. ನೋಡಕ್ಕೆ ಚೆಂದ."

"ನೋಡ್ಕಂಡೂ ಒಂದ್ ಮಾತು ಯೋಳ್ನಿಲ್ವಲ್ಲ?"

"ಅವತ್ತು ಗೊಬ್ಬರದಾಗೆ ನೋಡ್ದಾಗ ನೀನು ಯೋಳ್ದಾ? ಬಾಯಿ ತಗ್ದು ಮುಚ್ಕಂಡಿದ್ದುನ್ನ ನಾನು ಕಾಣ್ನಿಲ್ವ? ಯಾಕೆ ಅಂತ ಹುಲ್ಲು ಸತ್ ಮ್ಯಾಲೆ ಗೊತ್ತಾಯ್ತು."

ಅಂಕಮ್ಮ ಬೀದಿ ಮೂಲೆಯ ಮೆಕ್ಯಾನಿಕ್ಕು ನಯಾಜ್ ಪಾಷಾನಿಂದ ಸೈಕಲ್ ಕಡ್ಡಿಯ ಕೊಕ್ಕೆ ಮಾಡಿಸಿ, ಮರ ಹತ್ತುವವನ ಕೈಲಿ ಸುಳಿಯಲ್ಲಿದ್ದ ದುಂಬಿಗಳನ್ನು ಕೀಳಿಸಿದಳು. ಸುಳಿ ಇನ್ನೂ ಹಸಿರಾಗಿದೆ ಎಂದು ಅವನು ಮೇಲಿಂದ ಕೂಗಿದ. ಆದರೆ ಆಚೆಯ ಗೊಬ್ಬರದಲ್ಲಿ ಹುಳು ಇರುವತನಕ ಏನು ಫಲ? ಜವರಯ್ಯ ತಾನಾಗಿ ಅದನ್ನು ತೆಗೆಸುವವನಲ್ಲ. ಅವನನ್ನು ಬೇಡುವುದಕ್ಕಿಂತ ಅತ್ತೆಗೆ ಸಕ್ಕರೆ ಹಾಕಿದ್ದರೇ ವಾಸಿಯಿತ್ತು.

ಮಾರನೆಯ ಬೆಳಿಗ್ಗೆ ಸೆರಗು ಸಿಕ್ಕಿಸಿ, ಗುದ್ದಲಿ ಹೊತ್ತು, ಹಗ್ಗ ದಾಟಿ ಲಾನಿಗೆ ಕಾಲಿಟ್ಟಳು.

"ಹುಳ ಆಯಕ್ಕೆ ದೇವ್ರುನ್ನ ಕರಿ ಅಂದಿದ್ದಲ್ಲ. ಅವ್ನಿಗೆ ಪುರುಸೊತ್ತಿಲ್ವಂತೆ, ನನ್ನ ಕಳ್ಸವ್ನೆ."

ಜವರಯ್ಯ ತಡೆಯಲಿಲ್ಲ. ಕುರ್ಚಿಯನ್ನು ಸ್ವಲ್ಪ ಮುಂದಕ್ಕೆಳೆದುಕೊಂಡ. "ಅಗಿ ಅಗಿ. ಆಳು ಕರ್ಯವ ಅಂತಿದ್ದೆ. ಅಗೋ, ಆ ಮೂಲೆ ಬುಟ್ಬುಟ್ಟೆ ನೋಡು."

ಆಕೆ ಮೂಲೆಯನ್ನೂ ಬಿಡಲಿಲ್ಲ. ಹುಳುವನ್ನೆಲ್ಲ ಆಯ್ದು ಉಪ್ಪುನೀರಿನ ಬಕೀಟಿಗೆ ಹಾಕಿದಳು. ಆಮೇಲೆ ಸುತ್ತ ನೋಡಿದಳು. ತುಳಸಿಕಟ್ಟೆಯ ಪಕ್ಕದಲ್ಲಿ, ಗೊಬ್ಬರ ಬೀಳದ ಜಾಗದಲ್ಲಿ, ಒಂದು ಚಾಪೆಯಗಲ ಹುಲ್ಲು ಹಚ್ಚಗೆ ಉಳಿದಿತ್ತು.

"ಅಲ್ಲಿ ಹುಳ ಇಲ್ಲ ಕಣಮ್ಮ" ಎಂದು ಜವರಯ್ಯ ಕುರ್ಚಿಯಿಂದ ಎದ್ದ.

"ಯಾವ್ದುಕ್ಕೂ ನೋಡ್ಬುಡವ" ಎಂದು ಅಂಕಮ್ಮ ಗುದ್ದಲಿ ಎತ್ತಿದಳು.