ಲ್ಯಾಮಿನೇಟ್ ಮಾಡಿಸಿದ ಬಿಡುಗಡೆ ಪತ್ರ

ನಾಚಿಕೆಯಿಂದ ಇದನ್ನು ಹೇಳದೆ ಮುಂದೂಡುತ್ತಲೇ ಬಂದೆ. ನ್ಯಾಮತಿ ತಾಲ್ಲೂಕು ಕಚೇರಿಯಲ್ಲಿ, ಹಿಂದೆ ನನ್ನ ತಮ್ಮನ ಸೊಸೆಯಾಗಿದ್ದವಳು ಎದುರಾಗಿ ಚೀಲದಿಂದ ಲ್ಯಾಮಿನೇಟ್ ಮಾಡಿಸಿದ ಹಾಳೆಯೊಂದನ್ನು ತೆಗೆದಳು. ಅವಳಿಗೂ ನನ್ನ ತಮ್ಮನ ಮಗನಿಗೂ ಬಿಡುಗಡೆಯಾಯಿತೆಂದು, ನಾನೂ ಸೇರಿ ಊರಿನ ಐವರು ಹಿರಿಯರ ಪರವಾಗಿ ಛಾಪಾ ಕಾಗದದಲ್ಲಿ ನಾನೇ ಬರೆದಿದ್ದ ಪತ್ರವದು. ಅದನ್ನು ನಂಬಿ ಅವಳು ಬೇರೆ ಮದುವೆಯಾಗಿದ್ದಳು. ಆ ಎರಡನೇ ಗಂಡ ಈಚೆಗೆ ತೀರಿಕೊಂಡಾಗ, ಅವನ ಜಮೀನಿಗೆ ಅವಳ ಹೆಸರು ಸೇರಿಸಲು ಅವನ ಅಣ್ಣಂದಿರು ತಕರಾರು ಹಾಕಿದ್ದರು.

"ಮಾವ, ಈ ಪತ್ರ ನಡೆಯಂಗಿಲ್ಲಂತೆ. ಕೋರ್ಟಿಂದೇ ಡೈವೋರ್ಸ್ ಡಿಕ್ರಿ ಬೇಕಿತ್ತಂತೆ. ಹಂಗಾದ್ರೆ ನಾನು ಅವರ ಹೆಂಡ್ತಿನೇ ಅಲ್ವೇನ್ರೀ?"

ಅಂದು ಕೋರ್ಟಿಗೆ ಹೊರಟಿದ್ದವಳನ್ನು, "ನಾವು ಐದು ಜನ ಸತ್ತೋಗಿದೀವೇನಮ್ಮ?" ಎಂದು ಗದರಿಸಿ ಕೂರಿಸಿದವನೂ ನಾನೇ.

ಅವಳನ್ನು ಅಲ್ಲೇ ಬಿಟ್ಟು ಬಸ್ಸು ಹತ್ತಿದೆ. ಈಗ ಪತ್ರ ಬರೆಸಲು ಬಂದವರನ್ನು ವಕೀಲರ ಬಳಿಗೆ ಕಳಿಸುತ್ತೇನೆ. ನಾನು ಇಂದಿಗೂ ಯಾರ ಕ್ಷಮೆ ಕೇಳಿಲ್ಲವೋ ಅವಳ ಹೆಸರು ನೇತ್ರಾವತಿ.