ಬಳೆ ಸಂದಿಯ ಗೊಬ್ಬರ

ಅತ್ತೆಯ ಕೈಗೂ ಬಳೆಗೂ ಸವರಿದ ಬಿಳಿ ಪಟ್ಟಿಯನ್ನು ಒಳಗಿಟ್ಟ ಕೂಡಲೇ ಯಂತ್ರದ ಕೆಂಪು ದೀಪ ಹತ್ತಿ, ಅದು ಕೂಗತೊಡಗಿತು. ವಿಮಾನ ನಿಲ್ದಾಣದಲ್ಲಿ ತಪಾಸಣೆ ಮಾಡುತ್ತಿದ್ದ ಹುಡುಗಿ ನಮ್ಮಿಬ್ಬರನ್ನೂ ಪಕ್ಕಕ್ಕೆ ನಿಲ್ಲಿಸಿದಳು. ಸ್ಫೋಟಕದ ಅಂಶ ಇದೆಯಂತೆ. ಚೀಲವನ್ನೆಲ್ಲ ಬಿಚ್ಚಿದರೆ ಸಿಕ್ಕಿದ್ದು ಖಡಕ್ ರೊಟ್ಟಿ, ಶೇಂಗಾ ಹಿಂಡಿ, ದಿಲ್ಲಿಯಲ್ಲಿರುವ ಬಾಣಂತಿ ನಾದಿನಿಗೆಂದು ತಂದ ನಾರಾಯಣಪೇಟೆ ಸೀರೆ. ವಿಮಾನ ಹೊರಡಲು ಹೆಚ್ಚು ಹೊತ್ತಿರಲಿಲ್ಲ.

“ಬೆಳಿಗ್ಗೆ ಏನು ಮುಟ್ಟಿದ್ದಿರಿ?” ಎಂದು ಹುಡುಗಿ ತೆಲುಗಿನಲ್ಲಿ ಕೇಳಿದಳು.

ಗಾಬರಿಯಲ್ಲಿ ಅತ್ತೆಗೆ ತೆಲುಗು ಮರೆತೇಹೋಯಿತು. “ಹತ್ತಿಗೆ ಗೊಬ್ಬರ ಹಾಕಿ ಬಂದೀನ್ರಿ. ನಿನ್ನಿ ಮಳಿ ಆಗಿತ್ತು, ಹಂಗ ಬಿಟ್ಟು ಬರಾಕ ಮನಸಾಗಲಿಲ್ರಿ. ಕೈ ತೊಳಕೊಂಡೀನಿ.”

ನಾನು ಅದನ್ನೇ ತೆಲುಗಿನಲ್ಲಿ ಹೇಳಿದೆ. ಹುಡುಗಿಯ ಮುಖದ ಬಿಗಿ ಸಡಿಲವಾಯಿತು. ಕೆಲವು ಗೊಬ್ಬರಗಳಿಗೂ ಯಂತ್ರ ಹೀಗೆಯೇ ಕೂಗುತ್ತದೆ, ಬಳೆ ತೆಗೆದು ಚೆನ್ನಾಗಿ ತೊಳೆದು ಬಂದರೆ ಇನ್ನೊಮ್ಮೆ ನೋಡುತ್ತೇನೆ ಎಂದಳು.

ಅತ್ತೆ ನನ್ನ ಕಡೆ ತಿರುಗಿದರು. “ಬಳಿ ಮಾತ್ರ ತೆಗಿಯಂಗಿಲ್ಲ ನೋಡವ್ವ. ನಿಮ್ಮ ಮಾವ ಮನ್ಯಾಗ ಗಟ್ಟಿಮುಟ್ಟ ಅದಾರ.”

ನಲ್ಲಿಯ ಕೆಳಗೆ ಆ ಕೈ ಹಿಡಿದು, ಹಸಿರು ಬಳೆಗಳನ್ನು ಒಂದೊಂದಾಗಿ ಸರಿಸುತ್ತ ನಾನೇ ತೊಳೆದೆ. ಎರಡನೇ ಸಲ ಯಂತ್ರ ಸುಮ್ಮನಿತ್ತು.

ಹನ್ನೊಂದು ವರ್ಷದಿಂದ ಆ ಕೈ ಬಡಿದ ರೊಟ್ಟಿ ತಿಂದಿದ್ದೇನೆ. ಆ ಕೈ ಹಿಡಿದದ್ದು ಅವತ್ತೇ ಮೊದಲು. ವಿಮಾನ ಮೇಲೇಳುವಾಗ ಅತ್ತೆ ತಾವಾಗಿ ನನ್ನ ಕೈ ಹಿಡಿದುಕೊಂಡರು. ದಿಲ್ಲಿ ಬರುವವರೆಗೂ ಬಿಡಲಿಲ್ಲ, ನಾನೂ ಬಿಡಿಸಿಕೊಳ್ಳಲಿಲ್ಲ.